ಲೆಕ್ಕದ ಪುಸ್ತಕಕ್ಕೆ ಬಾರದ ಹಳ್ಳ

ಎಂಬಿಎ ತರಗತಿಗಳಲ್ಲಿ ಪರಿಸರವೆಂದರೆ ಬಹುಪಾಲು ಕಡೆ ಒಂದು ಐಚ್ಛಿಕ ವಿಷಯ. ಮನಸ್ಸಿದ್ದವರು ಓದುತ್ತಾರೆ, ಉಳಿದವರು ಹಣಕಾಸು, ಮಾರ್ಕೆಟಿಂಗ್ ಎಂದು ಮುಂದೆ ಸಾಗುತ್ತಾರೆ. ತೊಂದರೆಯಿರುವುದೇ ಈ ಬೇರ್ಪಡಿಕೆಯಲ್ಲಿ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಲೆಕ್ಕ ನೋಡಿ: ಟ್ಯಾಂಕರ್ ನೀರಿನ ಬಿಲ್ಲು, ಬಣ್ಣದ ಪುಡಿ, ಕರೆಂಟು, ಕೂಲಿ ಎಲ್ಲ ಪೈಸೆ ಸಮೇತ ಇರುತ್ತವೆ. ಪಕ್ಕದೂರಿನ ಬತ್ತಿದ ಕೊಳವೆಬಾವಿ, ಬಣ್ಣ ತಿರುಗಿದ ಹಳ್ಳ ಮಾತ್ರ ಯಾವ ಕಾಲಮ್ಮಿನಲ್ಲೂ ಇಲ್ಲ. ಹೀಗೆ ಊರಿನ ತಲೆಗೆ ಕಟ್ಟುವ ವೆಚ್ಚದ ಬಗ್ಗೆ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ಬರೆದಿದ್ದರು.

ಕೆಲಸಕ್ಕೆಂದು ಲಕ್ಷಗಟ್ಟಲೆ ಶುಲ್ಕ ಕಟ್ಟಿದವರಿಗೆ ಇದೆಲ್ಲ ಏಕೆ, ಇದು ಎಂಜಿನಿಯರುಗಳ ಪಾಡಲ್ಲವೇ ಎಂಬ ಆಕ್ಷೇಪವಿದೆ. ಆದರೆ ಕೊಳಚೆ ಶುದ್ಧೀಕರಣ ಘಟಕ ಕಟ್ಟುವವರು ಎಂಜಿನಿಯರುಗಳಾದರೂ ಅದಕ್ಕೆ ದುಡ್ಡು ಬಿಡುಗಡೆ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮ್ಯಾನೇಜರುಗಳು. ಕೆಲಸದ ಮಾತಿಗೂ ಉತ್ತರವಿದೆ: ಷೇರುಪೇಟೆಯ ಮೊದಲ 1000 ಕಂಪನಿಗಳು ತಮ್ಮ ನೀರು, ಇಂಧನ, ತ್ಯಾಜ್ಯ, ಇಂಗಾಲದ ಲೆಕ್ಕ ಕೊಡುವುದನ್ನು ಪೇಟೆಯ ನಿಯಂತ್ರಣ ಮಂಡಳಿ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅದನ್ನು ಬರೆಯಬಲ್ಲವರು ಬೇಕಲ್ಲ! ವರದಿಯನ್ನು ಚೆಂದಗಾಣಿಸುವುದನ್ನಷ್ಟೇ ಕಲಿಸಿಬಿಡುವ ಅಪಾಯವೂ ಉಂಟು, ಒಪ್ಪಬೇಕು. ಆದ್ದರಿಂದಲೇ ಈ ಪಾಠ ಮೊದಲ ಸೆಮಿಸ್ಟರಿನ ಅಕೌಂಟಿಂಗ್ ತರಗತಿಯಲ್ಲೇ ಶುರುವಾಗಲಿ. ಪ್ರಶ್ನೆಪತ್ರಿಕೆಯಲ್ಲಿ ಹಳ್ಳಕ್ಕೂ ಒಂದಿಷ್ಟು ಅಂಕವಿರಲಿ.