ದುಡಿಮೆಯ ಹಣ ಕೈಸೇರುವ ಬಗೆ

ಬೆಂಗಳೂರಿನ ಬಳೇಪೇಟೆಗೆ ಬಳೆಯ ವ್ಯಾಪಾರದಿಂದಲೇ ಆ ಹೆಸರು ಬಂದುದೆಂಬುದು ಎಲ್ಲರೂ ಬಲ್ಲ ಸಂಗತಿ. ಗಾಜಿನ ಬಳೆಯಾದರೋ ಒಡೆಯುವ ವಸ್ತು. ಮಲಾರವನ್ನು ಬಿಚ್ಚುವಾಗ, ಗೂಡಿನಿಂದ ಇಳಿಸುವಾಗ, ಗಿರಾಕಿಯ ಕೈಗೆ ತೊಡಿಸುವಾಗ ಒಂದೆರಡು ಒಡೆದೇ ತೀರುತ್ತವೆ. ಹೀಗೆ ಒಡೆದ ಬಳೆಯ ಬೆಲೆಯನ್ನು ತೆರಬೇಕಾದವರು ಯಾರು? ಅಂಗಡಿಯ ಯಜಮಾನರೋ, ತಿಂಗಳ ಸಂಬಳಕ್ಕೆ ದುಡಿಯುವ ಆಳೋ? ಪ್ರಶ್ನೆ ಅಲ್ಪವಾಗಿ ಕಂಡರೂ ವೇತನರಕ್ಷಣೆಯ ಶಾಸನಗಳ ತಿರುಳು ಇದರಲ್ಲಿಯೇ ಇದೆ.

ಸಂಬಳವನ್ನು ಕೊಡದೆ ಇರುವವರು ವಿರಳ. ತಡಮಾಡಿ ಕೊಡುವವರು, ನೆಪವೊಡ್ಡಿ ಮುರಿದುಕೊಳ್ಳುವವರು, ಹಣಕ್ಕೆ ಬದಲಾಗಿ ಪದಾರ್ಥವನ್ನು ಕೊಡುವವರು ಹೆಚ್ಚು. ಈ ಕಡೆಯದು ಮೇಲುನೋಟಕ್ಕೆ ಉಪಕಾರದಂತೆಯೇ ತೋರುವುದರಿಂದ ಅದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಇಂಗ್ಲೆಂಡಿನಲ್ಲಿ ಯಂತ್ರೋದ್ಯಮವು ಬೆಳೆದ ಕಾಲದಲ್ಲಿ ಗಣಿಗಳ ಹಾಗೂ ಕಾರ್ಖಾನೆಗಳ ಒಡೆಯರು ತಮ್ಮದೇ ಅಂಗಡಿಗಳನ್ನು ತೆರೆದು, ಕೂಲಿಯ ಬದಲು ಆ ಅಂಗಡಿಯ ಸಾಮಾನನ್ನೋ ಚೀಟಿಯನ್ನೋ ಕೊಡುತ್ತಿದ್ದರು. ಇದಕ್ಕೆ ಟ್ರಕ್ ಪದ್ಧತಿಯೆಂದು ಹೆಸರು. ನಾವು ಬೀದಿಯಲ್ಲಿ ಕಾಣುವ ಲಾರಿಗೂ ಇದಕ್ಕೂ ಸಂಬಂಧವಿಲ್ಲ. ವಿನಿಮಯವೆಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದ ಶಬ್ದವಿದು. ಕೂಲಿಯನ್ನು ಗೊತ್ತುಮಾಡುವವನೂ ಹಿಟ್ಟಿನ ಬೆಲೆಯನ್ನು ಗೊತ್ತುಮಾಡುವವನೂ ಒಬ್ಬನೇ ಆದಮೇಲೆ ಹತ್ತು ಷಿಲಿಂಗಿನ ಕೂಲಿ ಏಳಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು? 1831ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹಲವು ಉದ್ಯಮಗಳಲ್ಲಿ ಕೂಲಿಯನ್ನು ನಾಣ್ಯದಲ್ಲಿಯೇ ಸಲ್ಲಿಸಬೇಕೆಂದು ವಿಧಿಸಿತು.

ನಮ್ಮ ಹಳ್ಳಿಗಳಲ್ಲಿ ಆಯಗಾರರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ರಾಗಿ ಭತ್ತಗಳನ್ನು ಅಳೆದು ಕೊಡುತ್ತಿದ್ದರಲ್ಲ, ಅದೂ ಇದೇ ಅಲ್ಲವೆ ಎಂದು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಅಲ್ಲಿ ಕೊಳಗವು ಊರವರೆಲ್ಲರ ಕಣ್ಣೆದುರಿಗೆ ಇರುತ್ತಿತ್ತು. ಧಾನ್ಯಕ್ಕೆ ಹಣದ ಬೆಲೆ ಕಟ್ಟುವ ಮಾತೇ ಇರಲಿಲ್ಲ. ಪೇಟೆಯಲ್ಲಿ ಹಬ್ಬಕ್ಕೆಂದು ಆಳಿಗೆ ಮಾರದೆ ಉಳಿದ ಸೀರೆಯನ್ನು ಕೊಟ್ಟು, ಅದರ ಕ್ರಯವನ್ನು ಯಜಮಾನರೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದು ಬೇರೆಯೇ ವ್ಯವಹಾರ. 1948ರ ಕನಿಷ್ಠ ವೇತನ ಶಾಸನವೂ ಈ ಭೇದವನ್ನು ಅರಿತಿತ್ತು. ಪದಾರ್ಥರೂಪದ ಕೂಲಿ ರೂಢಿಯಿಂದ ಬಂದಿದ್ದ ಕಡೆ ಸರ್ಕಾರವು ಅಧಿಸೂಚನೆಯ ಮೂಲಕ ಅದಕ್ಕೆ ಅನುಮತಿ ಕೊಡಬಹುದಾಗಿತ್ತು. ಆದರೆ ಅದರ ಬೆಲೆಯನ್ನು ನಿಯಮದಂತೆಯೇ ಕಟ್ಟಬೇಕಾಗಿತ್ತು.

ಬ್ರಿಟಿಷ್ ಇಂಡಿಯಾದಲ್ಲಿ ವೇತನ ಪಾವತಿ ಶಾಸನವು 1936ರಲ್ಲಿ ಹುಟ್ಟಿತು. ಮೊದಲಿಗೆ ಅದು ಕಾರ್ಖಾನೆ ಮತ್ತು ರೈಲ್ವೆಗಳ ಕೆಲಸಗಾರರಿಗೆ, ಅದರಲ್ಲಿಯೂ ತಿಂಗಳಿಗೆ 200 ರೂಪಾಯಿಗಿಂತ ಕಡಮೆ ಬರುವವರಿಗೆ ಮಾತ್ರ ಅನ್ವಯಿಸುತ್ತಿತ್ತು. ಜುಲ್ಮಾನೆಯು ಸಂಬಳದ ರೂಪಾಯಿಗೆ ಅರ್ಧಾಣೆಯನ್ನು ಮೀರಕೂಡದೆಂದು ಅದರಲ್ಲಿ ಕಟ್ಟು ಮಾಡಿದ್ದರು. ಈಗಿನ ಮಿತಿಯು ನೂರಕ್ಕೆ ಮೂರು. ಹೆಚ್ಚುಕಡಮೆ ಅದೇ ಅರ್ಧಾಣೆ!

2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದು ಆ ಹಳೆಯ ಶಾಸನಗಳ ಸ್ಥಾನವನ್ನು ಪಡೆದಿದೆ. ಸಂಬಳದ ಮೇಲ್ಮಿತಿ ಹೋಗಿದೆ. ಅಂಗಡಿಯ ಆಳೂ ಇದರೊಳಗೆ ಬರುತ್ತಾನೆ. ನಾಣ್ಯ, ನೋಟು, ಚೆಕ್ಕು, ಬ್ಯಾಂಕಿನ ಖಾತೆ ಅಥವಾ ವಿದ್ಯುನ್ಮಾನ ವಿಧಾನ, ಇವುಗಳ ಮೂಲಕವೇ ವೇತನ ಸಲ್ಲಬೇಕು. ತಿಂಗಳ ಸಂಬಳವು ಮುಂದಿನ ತಿಂಗಳ ಏಳನೆಯ ದಿನ ಕಳೆಯುವುದರೊಳಗೆ ಕೈಸೇರಬೇಕು. ದಿನಗೂಲಿಯು ಆ ದಿನದ ಪಾಳಿ ಮುಗಿದಾಗ. ಕೆಲಸದಿಂದ ತೆಗೆದವರಿಗೂ ಬಿಟ್ಟುಹೋದವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿಯನ್ನು ತೀರಿಸಬೇಕು.

ಇನ್ನು ಬಳೆಯ ವಿಚಾರ. ವಸ್ತುವನ್ನು ಕಾಪಾಡಲು ಆಳಿನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ್ದು, ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ಆದುದಾದರೆ ಮಾತ್ರ ಸಂಬಳದಲ್ಲಿ ಮುರಿಯಬಹುದು. ಅದಕ್ಕೆ ಮುಂಚೆ ಅವನ ಸಮಾಧಾನವನ್ನು ಕೇಳಬೇಕು; ಆದ ನಷ್ಟಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ಗಿರಾಕಿಯ ಕೈಯಲ್ಲಿ ಬಿರಿದ ಬಳೆಯು ವ್ಯಾಪಾರದ ಸಹಜವಾದ ಸವಕಳಿ. ಅದನ್ನು ಆಳಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ದೊಡ್ಡ ಕಾರ್ಖಾನೆಗಳಲ್ಲಿ ಇಂಥದು ನಡೆಯದೆಂದು ತಿಳಿಯಬಾರದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆಪಲ್ ಕಂಪೆನಿಗಾಗಿ ದೂರವಾಣಿಗಳನ್ನು ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ಅಸಮಾಧಾನವು ದೊಂಬಿಯಾಗಿ ಸಿಡಿಯಿತು. ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾಗಿದ್ದುದು ನಿಜವೆಂದು ಆಪಲ್ ಕಂಪೆನಿಯೇ ಬಳಿಕ ಹೇಳಿತು. ಅಲ್ಲಿ ಬಹುಮಂದಿ ಗುತ್ತಿಗೆದಾರರ ಮೂಲಕ ಬಂದವರು. ಗುತ್ತಿಗೆದಾರನು ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು ಅವನಿಂದ ವಸೂಲು ಮಾಡಿಕೊಳ್ಳಬೇಕೆಂದು ಆಗ ಜಾರಿಯಲ್ಲಿದ್ದ 1970ರ ಶಾಸನವು ಹೇಳುತ್ತಿತ್ತು. ಈಗಿನ ಸಂಹಿತೆಗಳೂ ಆ ತತ್ತ್ವವನ್ನು ಬಿಟ್ಟಿಲ್ಲ.

ಆದರೂ ಪೇಟೆಯ ಆಳು ಬಾಯಿ ಬಿಡುವುದಿಲ್ಲ. ಇದ್ದ ಕೆಲಸವೂ ಹೋದೀತೆಂಬ ಭಯ ಒಂದು. ಊರಿನ ಪರಿಚಯದಿಂದ ಕೆಲಸಕ್ಕೆ ಸೇರಿಸಿದವರ ಮುಖನೋಟ ಮತ್ತೊಂದು. ಅಂಥವರ ಪರವಾಗಿ ಕಾರ್ಮಿಕ ಸಂಘವಾಗಲಿ ಇಲಾಖೆಯ ಪರಿವೀಕ್ಷಕರಾಗಲಿ ಅರ್ಜಿ ಹಾಕಬಹುದು. ಬಾಕಿ ಬಿದ್ದ ದಿನದಿಂದ ಮೂರು ವರ್ಷಗಳ ಅವಧಿಯಿದೆ. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರವನ್ನೂ ಅಧಿಕಾರಿಯು ಕೊಡಿಸಬಹುದು. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು. ಕೆಲಸ ಮಾಡಿದ ದಿನಗಳನ್ನೂ ಪಡೆದ ಹಣವನ್ನೂ ಒಂದು ಚಿಕ್ಕ ಪುಸ್ತಕದಲ್ಲಿ ಆಗಿಂದಾಗ ಬರೆದಿಟ್ಟುಕೊಂಡಿದ್ದರೆ ಅದನ್ನು ಜೊತೆಯಲ್ಲಿ ಒಯ್ಯಬೇಕು. ಪುಸ್ತಕವಿಲ್ಲದವರೂ ಹಿಂಜರಿಯಬೇಕಾಗಿಲ್ಲ, ಸಂಬಳ ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಹೊಣೆಯನ್ನು ಸಂಹಿತೆಯು ಮಾಲೀಕರ ಮೇಲೆಯೇ ಹೊರಿಸಿದೆ.