ಐಗುಪ್ತದಿಂದ ನಿರ್ಗಮನ: ಕ್ರೈಸ್ತಶ್ರದ್ಧೆಗೆ ದೊರೆತ ಪಾಠಗಳು

ಹಳೆಯ ಒಡಂಬಡಿಕೆಯ ಎರಡನೆಯ ಗ್ರಂಥಕ್ಕೆ ಹೀಬ್ರೂ ಭಾಷೆಯಲ್ಲಿರುವ ಹೆಸರು ‘ಶೆಮೋತ್’, ಎಂದರೆ ‘ಹೆಸರುಗಳು’. ಗ್ರಂಥದ ಮೊದಲ ವಾಕ್ಯದಲ್ಲಿ ಬರುವ ಪದವೊಂದನ್ನು ಎತ್ತಿಕೊಂಡು ಇಟ್ಟ ಹೆಸರು ಅದು. ಗ್ರೀಕ್ ಭಾಷಾಂತರಕಾರರು ಅದನ್ನು ‘ಎಕ್ಸೊಡೊಸ್’, ಎಂದರೆ ಹೊರಹೋಗುವಿಕೆ, ಎಂದು ಕರೆದರು. ಕನ್ನಡ ಬೈಬಲಿನಲ್ಲಿ ಅದೇ ಗ್ರಂಥ ‘ವಿಮೋಚನಕಾಂಡ’ವಾಗಿದೆ. ಮೊದಲಿನ ಎರಡು ಹೆಸರುಗಳು ಗ್ರಂಥದಲ್ಲಿ ಏನಿದೆಯೆಂಬುದನ್ನು ಸೂಚಿಸಿದರೆ, ಮೂರನೆಯದು ಅದರ ಅರ್ಥವೇನೆಂಬುದನ್ನು ಮುಂದಾಗಿಯೇ ನಿರ್ಣಯಿಸಿಬಿಡುತ್ತದೆ. ನಾಲ್ಕನೆಯ ಗ್ರಂಥದ ‘ಅರಣ್ಯಕಾಂಡ’ ಎಂಬ ಹೆಸರೂ ಹಾಗೆಯೇ ಕುತೂಹಲಕರವಾದದ್ದು. ಹೀಬ್ರೂವಿನ ‘ಬೆಮಿದ್ಬಾರ್’ ಎಂಬುದಕ್ಕೆ ಅದು ಹತ್ತಿರದ ಮಾತೇ ಸರಿ. ಆದರೆ ರಾಮಾಯಣವನ್ನು ಬಲ್ಲ ಕನ್ನಡಿಗನ ಕಣ್ಣಮುಂದೆ ದಂಡಕಾರಣ್ಯದ ಮರಗಿಡಗಳು ಬಂದು ನಿಂತರೆ ಆಶ್ಚರ್ಯವಿಲ್ಲ. ಸೀನಾಯಿಯಲ್ಲಿರುವುದು ನೆರಳೂ ನೀರೂ ವಿರಳವಾದ ಕಲ್ಲುನೆಲ. ಮುಂದಿನ ವಿಚಾರಕ್ಕೆ ಈ ವ್ಯತ್ಯಾಸ ಮುಖ್ಯವಾದದ್ದರಿಂದ ಇಲ್ಲಿಯೇ ಹೇಳಿಟ್ಟಿದ್ದೇನೆ.

ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಹೊರಟು ಬಂದ ಕಥೆಯನ್ನು ಕ್ರೈಸ್ತರು ಎರಡು ಸಾವಿರ ವರ್ಷಗಳಿಂದ ತಮ್ಮದೆಂದೇ ಓದಿಕೊಂಡು ಬಂದಿದ್ದಾರೆ. ಹಾಗೆ ಓದುವಾಗ ಎದುರಾದ ಪ್ರಶ್ನೆ ಒಂದೇ: ಬಿಡುಗಡೆಯೆಂದರೆ ಆತ್ಮಕ್ಕೆ ಪಾಪದಿಂದ ದೊರೆಯುವ ಬಿಡುಗಡೆಯೊ, ಅಥವಾ ಬೆನ್ನಿನ ಮೇಲಿನ ಹೊರೆಯ ಬಿಡುಗಡೆಯೊ? ಈ ಪ್ರಶ್ನೆಗೆ ಕೊಟ್ಟ ಉತ್ತರಗಳು ಕೇವಲ ಮಠಗಳಲ್ಲಿ ನಡೆದ ಚರ್ಚೆಗಳಾಗಿ ಉಳಿಯಲಿಲ್ಲ. ಲಕ್ಷಾಂತರ ಜನರ ಬಾಳನ್ನು ಕಟ್ಟಿದುವು, ಕೆಲವು ಸಲ ಕೆಡಿಸಿದುವು.

ತರಗತಿಯಲ್ಲಿ ಈ ವಿಷಯವನ್ನೆತ್ತಿದರೆ ವಿದ್ಯಾರ್ಥಿಗಳು ಮೊದಲು ಕೇಳುವುದು, ಇದು ನಡೆದದ್ದೆ ಎಂದು. ಉತ್ತರವನ್ನು ಸಂಕ್ಷೇಪವಾಗಿ ಕೊಡಬಹುದು. ಇಸ್ರಾಯೇಲ್ ಎಂಬ ಹೆಸರು ಬೈಬಲಿನ ಹೊರಗೆ ಮೊದಲು ನಿಶ್ಚಿತವಾಗಿ ದೊರೆಯುವುದು ಫರೋಹ ಮೆರ್ನೆಪ್ತಾಹನ ವಿಜಯಶಾಸನದಲ್ಲಿ. ಕ್ರಿ. ಪೂ. ಸುಮಾರು 1208ಕ್ಕೆ ಸೇರಿದ ಈ ಶಿಲಾಫಲಕವನ್ನು 1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಥೀಬ್ಸ್‌ನಲ್ಲಿ ಕಂಡುಹಿಡಿದನು. ಇಸ್ರಾಯೇಲನ್ನು ಅದು ನಾಡೆಂದಲ್ಲ, ಕಾನಾನಿನಲ್ಲಿದ್ದ ಒಂದು ಜನವೆಂದು ಸೂಚಿಸುತ್ತದೆ. ಅವರು ದಾಸರಾಗಿದ್ದರೆಂದಾಗಲಿ ಐಗುಪ್ತದಿಂದ ಬಂದರೆಂದಾಗಲಿ ಹೇಳುವುದಿಲ್ಲ. ಆರು ಲಕ್ಷ ಕಾಲಾಳುಗಳು ಸಂಸಾರಸಹಿತ ಹೊರಟರೆಂಬ ಸಂಖ್ಯೆಗೆ ಪುರಾತತ್ತ್ವದ ಆಧಾರವಿಲ್ಲ. ಅಷ್ಟು ಜನರು ನಲವತ್ತು ವರ್ಷ ಸಂಚರಿಸಿದ ಕುರುಹು ಸೀನಾಯಿಯಲ್ಲಿ ದೊರೆತಿಲ್ಲ. ಆದರೂ ಕಥೆಯಲ್ಲಿ ಐಗುಪ್ತದ ಪರಿಚಯ ಚೆನ್ನಾಗಿಯೇ ಇದೆ. ಮೋಶೆಯ ಹೆಸರು ‘ಥುತ್ಮೋಸ್’ ಮುಂತಾದ ಹೆಸರುಗಳ ಕೊನೆಯಲ್ಲಿ ಬರುವ, ‘ಜನಿಸಿದ’ ಎಂಬರ್ಥದ ಐಗುಪ್ತ ಪದವೇ ಎಂದು ಬಹುಮಂದಿ ವಿದ್ವಾಂಸರ ಮತ. ವಿದೇಶೀಯ ಸೆರೆಯಾಳುಗಳು ಇಟ್ಟಿಗೆ ಮಾಡುತ್ತಿರುವ ಚಿತ್ರವನ್ನು ಥೀಬ್ಸ್‌ನಲ್ಲಿ ಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಯ ಮೇಲೆ ಇಂದಿಗೂ ನೋಡಬಹುದು. ಸಣ್ಣ ಗುಂಪೊಂದು ಐಗುಪ್ತದಿಂದ ತಪ್ಪಿಸಿಕೊಂಡು ಬಂದು, ಅದರ ಸ್ಮರಣೆ ಕಾಲಕ್ರಮದಲ್ಲಿ ಇಡೀ ಜನಾಂಗದ ಸ್ಮರಣೆಯಾಯಿತೆಂದು ಊಹಿಸುವವರುಂಟು. ಅದು ಅಸಂಭವವೆಂದು ನನಗೆ ತೋರುವುದಿಲ್ಲ. ನಮ್ಮ ಪ್ರಸ್ತುತ ವಿಷಯವಾದರೋ ಘಟನೆಗಿಂತ ಹೆಚ್ಚಾಗಿ ಅದರ ಸ್ಮರಣೆಯನ್ನು ಕುರಿತದ್ದು.

ಆ ಸ್ಮರಣೆಯ ರೀತಿಯನ್ನು ಗಮನಿಸಿ. ಗ್ರಂಥಕರ್ತನು ಫರೋಹನ ಹೆಸರನ್ನು ಹೇಳುವುದಿಲ್ಲ. ಯಾವ ಫರೋಹನೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಿರುವುದು ಅದರಿಂದಲೇ. ಆದರೆ ಗಂಡುಕೂಸುಗಳನ್ನು ಕೊಲ್ಲಬೇಕೆಂಬ ಅವನ ಆಜ್ಞೆಯನ್ನು ನಡಸದೆಹೋದ ಇಬ್ಬರು ಸೂಲಗಿತ್ತಿಯರ ಹೆಸರುಗಳನ್ನು, ಶಿಫ್ರಾ ಮತ್ತು ಪೂಗಾ ಎಂದು, ಬರೆದಿಟ್ಟಿದ್ದಾನೆ. ಅರಸರ ಬಿರುದಾವಳಿಗಳನ್ನು ಶಾಸನಗಳಿಂದ ಬಿಡಿಸುತ್ತ ಕೂಡುವ ನಮ್ಮಂಥವರಿಗೆ ಈ ಇತಿಹಾಸಕ್ರಮ ತಲೆಕೆಳಗಾದಂತೆ ಕಾಣಬಹುದು. ಯಾರ ಹೆಸರು ಉಳಿಯತಕ್ಕದ್ದೆಂಬ ವಿಷಯದಲ್ಲಿ ಈ ಗ್ರಂಥಕ್ಕೆ ತನ್ನದೇ ಆದ ನಿರ್ಣಯವಿದೆ.

ಇನ್ನು ದಾಸ್ಯವೆಂಬ ಮಾತು. ಹೀಬ್ರೂವಿನಲ್ಲಿ ‘ಅವೋದಾ’ ಎಂಬ ಒಂದೇ ಪದಕ್ಕೆ ಬಿಟ್ಟಿದುಡಿಮೆಯೆಂದೂ ದೇವರ ಆರಾಧನೆಯೆಂದೂ ಅರ್ಥವುಂಟು. ಮೋಶೆಯು ಫರೋಹನನ್ನು ಕೇಳಿದ್ದು ಜನರನ್ನು ಸುಮ್ಮನೆ ಬಿಟ್ಟುಬಿಡೆಂದಲ್ಲ. ಅವರು ತಮ್ಮ ದೇವರನ್ನು ಸೇವಿಸುವಂತೆ ಬಿಡೆಂದು. ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯ ಕಡಮೆ. ನಮ್ಮ ‘ದಾಸ’ ಶಬ್ದವೂ ಹಾಗೆಯೇ ಎರಡು ಮುಖವುಳ್ಳದ್ದು. ಕೊಂಡುತಂದ ಆಳೂ ದಾಸನೆ, ಪುರಂದರನೂ ದಾಸನೆ. ಗ್ರಂಥದ ಆದಿಯಲ್ಲಿ ಜನರು ಕೊರಡೆಯ ಭಯದಿಂದ ಫರೋಹನಿಗೆ ಉಗ್ರಾಣದ ಪಟ್ಟಣಗಳನ್ನು ಕಟ್ಟುತ್ತಾರೆ. ಅಂತ್ಯದಲ್ಲಿ ಅವರೇ ದೇವದರ್ಶನದ ಗುಡಾರವನ್ನು ಕಟ್ಟುತ್ತಾರೆ. ಆಗ ಅವರು ತಾವಾಗಿಯೇ ತಂದುಕೊಟ್ಟ ಕಾಣಿಕೆಗಳು ಮಿತಿಮೀರಿ, ಇನ್ನು ತರಬೇಡಿರೆಂದು ಮೋಶೆಯು ಡಂಗುರ ಹೊಯ್ಸಬೇಕಾಯಿತು. ಎರಡೂ ಕಟ್ಟಡದ ಕೆಲಸಗಳೇ. ಸ್ವಾತಂತ್ರ್ಯವೆಂದರೆ ಕೆಲಸವಿಲ್ಲದಿರುವುದಲ್ಲ, ಯಜಮಾನನು ಬದಲಾಗುವುದು ಎಂಬ ಭಾವನೆಯನ್ನು ಪೌಲನು ಇಲ್ಲಿಂದಲೇ ಪಡೆದಿರಬೇಕು. ಆತನು ತನ್ನನ್ನು ಕ್ರಿಸ್ತನ ದಾಸನೆಂದು ಕರೆದುಕೊಂಡದ್ದು ವಿನಯದ ಮಾತು ಮಾತ್ರವಲ್ಲ.

ಅರಣ್ಯದ ಭಾಗಕ್ಕೆ ಬಂದರೆ ಕಥೆ ಅತ್ಯಂತ ನಿಷ್ಠುರವಾಗುತ್ತದೆ. ಧರ್ಮೋಪದೇಶಕಾಂಡದ ಪ್ರಕಾರ ಹೋರೇಬಿನಿಂದ ಕಾದೇಶ್ ಬರ್ನೇಯಕ್ಕೆ ಹನ್ನೊಂದು ದಿನದ ಹಾದಿ. ಜನರು ಕಾನಾನಿನ ಎಲ್ಲೆಯನ್ನು ದಾಟಲು ನಲವತ್ತು ವರ್ಷ ಬೇಕಾಯಿತು. ಸಮುದ್ರವನ್ನು ದಾಟಿ ಎರಡು ತಿಂಗಳಾಗುವುದರೊಳಗೆ ಅವರು ಐಗುಪ್ತದ ಮಾಂಸದ ಪಾತ್ರೆಗಳನ್ನು ನೆನಸಿಕೊಂಡು ಗೊಣಗಿದರು. ಮುಂದೆ ಮೀನು, ಸೌತೆ, ಈರುಳ್ಳಿ, ಬೆಳ್ಳುಳ್ಳಿಗಳ ಪಟ್ಟಿಯನ್ನೇ ಒಪ್ಪಿಸಿದರು. ಸುಣ್ಣದ ಗೋಡೆಯಂತೆ ಬಿಳುಪಾದ ಬಯಲಿನಲ್ಲಿ ಹಸಿದು ನಿಂತವನಿಗೆ ಸೆರೆಮನೆಯ ಗಂಜಿಯೂ ಅಮೃತವಾಗುವುದು ಸಹಜ. ಉಪದೇಶಕರು ಸಾಮಾನ್ಯವಾಗಿ ಇದನ್ನು ಕೃತಘ್ನತೆಯೆಂದು ಖಂಡಿಸಿ ಮುಂದೆ ಸಾಗುತ್ತಾರೆ. ನನಗೆ ಅದು ಮನುಷ್ಯಸ್ವಭಾವದ ಯಥಾರ್ಥ ವರ್ಣನೆಯಾಗಿ ಕಾಣುತ್ತದೆ: ದಾಸನು ಐಗುಪ್ತವನ್ನು ಬಿಟ್ಟುಬಂದರೂ ಐಗುಪ್ತವು ದಾಸನನ್ನು ಬಿಡುವುದಿಲ್ಲ. ಪೌಲನು ಕೊರಿಂಥದ ಸಭೆಗೆ ಬರೆಯುವಾಗ ಸಮುದ್ರವನ್ನು ದೀಕ್ಷಾಸ್ನಾನಕ್ಕೂ ನೀರು ಕೊಟ್ಟ ಬಂಡೆಯನ್ನು ಕ್ರಿಸ್ತನಿಗೂ ಹೋಲಿಸಿ, ಕೂಡಲೇ ಹೇಳುವುದೇನೆಂದರೆ, ಹಾಗೆ ಸ್ನಾನವಾದವರಲ್ಲಿ ಬಹುಮಂದಿ ಅರಣ್ಯದಲ್ಲಿಯೇ ಬಿದ್ದರೆಂದು. ಆತನ ಪಾಠ ವಿಜಯೋತ್ಸವವಲ್ಲ, ಎಚ್ಚರಿಕೆ.

ಅರಣ್ಯದಲ್ಲಿಯೇ ಇನ್ನೊಂದು ಪಾಠವೂ ನಡೆಯಿತು. ಮನ್ನವನ್ನು ಹೆಚ್ಚಾಗಿ ಕೂಡಿಸಿದವನಿಗೆ ಮಿಗಲಿಲ್ಲ, ಕಡಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮರುದಿನಕ್ಕೆಂದು ಇಟ್ಟದ್ದು ಹುಳುಬಿತ್ತು. ಉಗ್ರಾಣಗಳನ್ನು ಕಟ್ಟಿ ಕಟ್ಟಿ ಸೋತ ಜನಕ್ಕೆ ಉಗ್ರಾಣವಿಲ್ಲದೆ ಬದುಕುವ ಶಿಕ್ಷಣ ಇದು. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಪೌಲನು ಕೊರಿಂಥದವರಿಗೆ ಇದೇ ಪ್ರಸಂಗವನ್ನು ನೆನಪಿಗೆ ತಂದು, ಸಮತ್ವವೇ ತನ್ನ ಉದ್ದೇಶವೆಂದು ಬರೆದನು. ಆತ್ಮದ ಬಿಡುಗಡೆ ಬೇರೆ, ಅನ್ನದ ವಿಚಾರ ಬೇರೆ ಎನ್ನುವವರು ಈ ಸ್ಥಳವನ್ನು ಮತ್ತೆ ಓದುವುದು ಒಳ್ಳೆಯದು.

ಸ್ಮರಣೆ ಧರ್ಮಶಾಸ್ತ್ರದೊಳಕ್ಕೂ ಇಳಿಯಿತು. ಸಬ್ಬತ್ ದಿನದ ಆಜ್ಞೆಗೆ ವಿಮೋಚನಕಾಂಡದಲ್ಲಿ ಕೊಟ್ಟಿರುವ ಕಾರಣ ಸೃಷ್ಟಿಯ ಏಳನೆಯ ದಿನ. ಧರ್ಮೋಪದೇಶಕಾಂಡದಲ್ಲಿ ಅದೇ ಆಜ್ಞೆಗೆ ಕೊಟ್ಟಿರುವ ಕಾರಣ ಐಗುಪ್ತದ ದಾಸ್ಯ: ನೀನು ಆಳಾಗಿದ್ದವನಾದ್ದರಿಂದ ನಿನ್ನ ಆಳಿಗೂ ವಿಶ್ರಾಂತಿ ಇರಲಿ. ಏಳನೆಯ ವರ್ಷದಲ್ಲಿ ಬಿಡುಗಡೆಯಾಗುವ ಆಳನ್ನು ಬರಿಗೈಯಲ್ಲಿ ಕಳುಹಿಸಬಾರದು, ಕಣದಿಂದಲೂ ಹಿಂಡಿನಿಂದಲೂ ಕೊಟ್ಟು ಕಳುಹಿಸಬೇಕು. ಓಡಿಬಂದ ಆಳನ್ನು ಒಡೆಯನಿಗೆ ಹಿಡಿದುಕೊಡಕೂಡದು. ಆದರೆ ದಾಸ್ಯದಿಂದ ಬಂದ ಈ ಜನರ ಶಾಸ್ತ್ರ ದಾಸ್ಯವನ್ನು ರದ್ದುಮಾಡಲಿಲ್ಲವೆಂಬುದನ್ನು ಮರೆಮಾಚಲಾಗದು. ಪರದೇಶದವರನ್ನು ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳುವುದಕ್ಕೆ ಯಾಜಕಕಾಂಡದಲ್ಲಿ ಅನುಮತಿಯಿದೆ. ಮುಂದಿನ ಶತಮಾನಗಳ ಒಡೆಯರು ಆ ಪುಟವನ್ನು ತೆರೆದಿಟ್ಟರು, ಆಳುಗಳು ಈ ಪುಟವನ್ನು.

ಪ್ರಾಚೀನ ಸಭಾಚಾರ್ಯರು ಬಹುಮಟ್ಟಿಗೆ ಆತ್ಮದ ಪಕ್ಷದವರು. ಮೂರನೆಯ ಶತಮಾನದ ಒರಿಜೆನ್ ಅರಣ್ಯಕಾಂಡದ ನಲವತ್ತೆರಡು ಬಿಡಾರಗಳನ್ನು ಆತ್ಮವು ಏರುವ ಮೆಟ್ಟಲುಗಳೆಂದು ವ್ಯಾಖ್ಯಾನಿಸಿದನು. ನಾಲ್ಕನೆಯ ಶತಮಾನದ ನಿಸ್ಸದ ಗ್ರೆಗೊರಿ ಮೋಶೆಯ ಚರಿತ್ರೆಯನ್ನು ಎಂದಿಗೂ ಮುಗಿಯದ ಆತ್ಮೋನ್ನತಿಯ ಕಥೆಯಾಗಿ ಬರೆದನು. ಇಲ್ಲಿ ಒಂದು ಮಾತು. ಗ್ರೆಗೊರಿ ಕಥೆಯ ಕ್ರೌರ್ಯವನ್ನು ಕಾಣದವನಲ್ಲ. ಒಳ್ಳೆಯದು ಕೆಟ್ಟದ್ದು ತಿಳಿಯದ ಐಗುಪ್ತದ ಚೊಚ್ಚಲ ಕೂಸು ತಂದೆಯ ಪಾಪಕ್ಕಾಗಿ ಸಾಯುವುದು ನ್ಯಾಯವೆ ಎಂದು ಆತನೇ ಕೇಳಿ, ಆ ಕಾರಣದಿಂದಲೇ ಅಕ್ಷರಾರ್ಥವನ್ನು ಬಿಟ್ಟು, ಪಾಪವನ್ನು ಮೊಳಕೆಯಲ್ಲಿ ಕೊಲ್ಲಬೇಕೆಂಬ ಅರ್ಥವನ್ನು ಹಿಡಿದನು. ಮತ್ತು ಮನುಷ್ಯನನ್ನು ಕ್ರಯಕ್ಕೆ ಕೊಳ್ಳುವುದನ್ನೇ ಪ್ರಸಂಗಿಯ ಗ್ರಂಥದ ಮೇಲಿನ ಉಪನ್ಯಾಸದಲ್ಲಿ ಖಂಡಿಸಿದ, ಆ ಕಾಲಕ್ಕೆ ಅತಿ ವಿರಳವಾದ ಧ್ವನಿಯೂ ಆತನದೇ. ಆದ್ದರಿಂದ ರೂಪಕಾರ್ಥವನ್ನು ಹಿಡಿದವರೆಲ್ಲ ಲೋಕದ ಕಷ್ಟಕ್ಕೆ ಕಣ್ಣುಮುಚ್ಚಿದರೆಂಬ ಆಪಾದನೆ ನಿಲ್ಲುವುದಿಲ್ಲ.

ಆದರೆ ಕಣ್ಣುಮುಚ್ಚಿಸಲು ಯತ್ನಿಸಿದವರೂ ಇದ್ದರು. ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲಿಯೇ, ವೆಸ್ಟ್ ಇಂಡೀಸಿನ ನೀಗ್ರೋ ಗುಲಾಮರ ಉಪಯೋಗಕ್ಕೆಂದು ಲಂಡನಿನಲ್ಲಿ ಒಂದು ಬೈಬಲ್ ಸಂಗ್ರಹ ಅಚ್ಚಾಯಿತು. ಅದರಲ್ಲಿ ಯೋಸೇಫನ ಕಥೆಯಿಂದ ಓದುಗನು ಒಂದೇ ನೆಗೆತಕ್ಕೆ ಸೀನಾಯಿ ಬೆಟ್ಟದ ಬುಡಕ್ಕೆ ಬರುತ್ತಾನೆ. ಇಟ್ಟಿಗೆ, ಕೊರಡೆ, ಸೂಲಗಿತ್ತಿಯರು, ಸಮುದ್ರ ಯಾವುದೂ ಇಲ್ಲ. ಆಜ್ಞೆಗಳು ಮಾತ್ರ ಉಳಿದಿವೆ. ವಿಮೋಚನೆಯನ್ನು ತೆಗೆದು ವಿಧಿಯನ್ನು ಉಳಿಸಿದ ಈ ಪುಸ್ತಕಕ್ಕಿಂತ ಸ್ಪಷ್ಟವಾಗಿ ಆ ಕಥೆಯ ಶಕ್ತಿಗೆ ಸಾಕ್ಷಿ ಹೇಳಿದ ವ್ಯಾಖ್ಯಾನವನ್ನು ನಾನು ಕಾಣೆ. ಅಪಾಯವಿಲ್ಲದ್ದನ್ನು ಯಾರೂ ಕತ್ತರಿಸುವುದಿಲ್ಲ. ಕತ್ತರಿಸಿದ್ದರಿಂದ ಪ್ರಯೋಜನವೂ ಹೆಚ್ಚಾಗಲಿಲ್ಲ. ಅಮೆರಿಕದ ಗುಲಾಮರು, ಬಹುಮಂದಿ ಅಕ್ಷರವನ್ನೇ ಅರಿಯದವರು, ಈ ಕಥೆಯನ್ನು ಹಾಡಾಗಿ ಹಾಡಿದರು. ಮೇರಿಲೆಂಡಿನಿಂದ 1849ರಲ್ಲಿ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಸುಮಾರು ಎಪ್ಪತ್ತು ಮಂದಿಯನ್ನು ಉತ್ತರಕ್ಕೆ ಕರೆದೊಯ್ದ ಹ್ಯಾರಿಯೆಟ್ ಟಬ್ಮನ್ ಎಂಬ ಸ್ತ್ರೀಯನ್ನು ‘ಮೋಶೆ’ ಎಂದೇ ಕರೆದರು. ಓಡಿಹೋದವರನ್ನು ಹಿಡಿದುಕೊಡಬೇಕೆಂದು ಅಮೆರಿಕದ ಕಾಂಗ್ರೆಸ್ಸು 1850ರಲ್ಲಿ ಕಾನೂನು ಮಾಡಿದಾಗ, ವಿರೋಧಿಗಳು ಅದರ ಎದುರಿಗೆ ಹಿಡಿದದ್ದು ನಾನು ಮೇಲೆ ಹೇಳಿದ ಧರ್ಮೋಪದೇಶಕಾಂಡದ ವಿಧಿಯನ್ನೇ. 1968ರ ಏಪ್ರಿಲ್ 3ರಂದು, ಕೊಲೆಯಾಗುವುದಕ್ಕೆ ಹಿಂದಿನ ರಾತ್ರಿ, ಮೆಂಫಿಸಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಾನು ನಿಂತಿದ್ದ ಸ್ಥಳವನ್ನು ಸೂಚಿಸಿದ್ದೂ ಮೋಶೆ ಏರಿದ ಬೆಟ್ಟದ ಸಂಕೇತದಿಂದಲೇ.

ಪೆರುವಿನ ಗುಸ್ತಾವೊ ಗುಟಿಯೆರೆಜ್ 1971ರಲ್ಲಿ ಪ್ರಕಟಿಸಿದ ವಿಮೋಚನಾ ದೇವತಾಶಾಸ್ತ್ರದ ಗ್ರಂಥ ಈ ಓದಿಗೆ ಶಾಸ್ತ್ರರೂಪವನ್ನು ಕೊಟ್ಟಿತು. ನಮ್ಮಲ್ಲಿಯೂ ಅದರ ಪ್ರತಿಧ್ವನಿಯಾಗದೆ ಇರಲಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಉಪನ್ಯಾಸವನ್ನು ದಲಿತ ದೇವತಾಶಾಸ್ತ್ರದ ಪ್ರಾರಂಭವೆಂದು ಎಣಿಸುತ್ತಾರೆ. ಅಲೆಮಾರಿಯಾದ ಪೂರ್ವಜನನ್ನೂ ಐಗುಪ್ತದ ಕಷ್ಟವನ್ನೂ ನೆನೆಯುವ ಧರ್ಮೋಪದೇಶಕಾಂಡದ ಪ್ರತಿಜ್ಞಾವಚನವನ್ನು ಅವರು ತಮ್ಮ ವಿಚಾರಕ್ಕೆ ಮಾದರಿಯಾಗಿಟ್ಟುಕೊಂಡರು. ತನ್ನ ಹಿರಿಯರ ಅವಮಾನವನ್ನು ಮುಚ್ಚಿಡದೆ ದೇವರ ಮುಂದೆ ಹೇಳಿಕೊಳ್ಳುವುದೇ ಶ್ರದ್ಧೆಯ ಮೊದಲ ಮಾತೆಂಬುದು ಆ ಓದಿನ ತಿರುಳು.

ಇಷ್ಟಕ್ಕೆ ನಿಲ್ಲಿಸಿದರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ವಾಗ್ದತ್ತವಾದ ನಾಡು ಬರಿದಾದ ನಾಡಾಗಿರಲಿಲ್ಲ, ಅಲ್ಲಿ ಕಾನಾನ್ಯರಿದ್ದರು. 1630ರಲ್ಲಿ ಅಮೆರಿಕಕ್ಕೆ ಹೊರಟ ಪ್ಯೂರಿಟನ್ನರಿಗೆ ಜಾನ್ ವಿಂತ್ರಾಪ್ ಮಾಡಿದ ಉಪದೇಶ ಮೋಶೆಯ ಕಡೆಯ ಭಾಷಣವನ್ನು ನೆನೆದು ಮುಗಿಯಿತು. ಅವರಿಗೆ ಅಮೆರಿಕವೇ ಕಾನಾನ್. 1830ರ ದಶಕದಲ್ಲಿ ಕೇಪ್ ವಸಾಹತನ್ನು ಬಿಟ್ಟು ಒಳನಾಡಿಗೆ ಹೊರಟ ಬೋಅರರ ವಲಸೆಯನ್ನು ಮುಂದಿನ ರಾಷ್ಟ್ರೀಯವಾದಿ ಲೇಖಕರು ಎರಡನೆಯ ನಿರ್ಗಮನವೆಂದು ಬಣ್ಣಿಸಿದರು. ಅವರು ಹೊರಟ ಕಾರಣಗಳಲ್ಲಿ ಬ್ರಿಟಿಷರು ಗುಲಾಮರನ್ನು ಬಿಡುಗಡೆ ಮಾಡಿದ್ದೂ ಒಂದು! ಓಸೇಜ್ ಜನಾಂಗದ ಲೇಖಕ ರಾಬರ್ಟ್ ಅಲೆನ್ ವಾರಿಯರ್ 1989ರಲ್ಲಿ, ಅಮೆರಿಕದ ಮೂಲನಿವಾಸಿಗಳು ಈ ಕಥೆಯನ್ನು ಓದಿದಾಗ ತಮ್ಮನ್ನು ಕಾಣುವುದು ಕಾನಾನ್ಯರಲ್ಲಿ ಎಂದು ತೋರಿಸಿಕೊಟ್ಟರು. ಕಾನಾನಿನ ಮೇಲಿನ ದಂಡಯಾತ್ರೆ ಯೆಹೋಶುವನ ಗ್ರಂಥದಲ್ಲಿ ವರ್ಣಿತವಾದಂತೆ ನಡೆಯಲಿಲ್ಲವೆಂದು ಪುರಾತತ್ತ್ವಜ್ಞರಲ್ಲಿ ಹೆಚ್ಚಿನವರು ಈಗ ಒಪ್ಪುತ್ತಾರೆ. ಆದರೆ ಅದರಿಂದ ಸಮಸ್ಯೆ ಪರಿಹಾರವಾಗದು. ಮನುಷ್ಯರು ನಡೆದದ್ದನ್ನು ಮಾತ್ರವಲ್ಲ, ಬರೆದದ್ದನ್ನೂ ಅನುಕರಿಸುತ್ತಾರೆ.

ಈ ಕಥೆಯ ಮೊದಲ ಒಡೆಯರಾದ ಯೆಹೂದ್ಯರು ಈ ತೊಡಕನ್ನು ಬಹುಹಿಂದೆಯೇ ಕಂಡಿದ್ದರು. ಪ್ರತಿಯೊಂದು ತಲೆಮಾರಿನವನೂ ತಾನೇ ಐಗುಪ್ತದಿಂದ ಹೊರಟವನೆಂದು ಭಾವಿಸತಕ್ಕದ್ದೆಂದು ವಿಧಿಸಿದ ಅವರೇ, ಪಸ್ಕ ಹಬ್ಬದ ರಾತ್ರಿ ಹತ್ತು ಬಾಧೆಗಳನ್ನು ಹೆಸರಿಸುವಾಗ ಒಂದೊಂದಕ್ಕೂ ಒಂದೊಂದು ತೊಟ್ಟು ದ್ರಾಕ್ಷಾರಸವನ್ನು ಪಾತ್ರೆಯಿಂದ ತೆಗೆದುಹಾಕುವ ಪದ್ಧತಿಯನ್ನೂ ಇಟ್ಟುಕೊಂಡಿದ್ದಾರೆ; ಶತ್ರುವಿನ ನೋವಿನಿಂದ ತಮ್ಮ ಸಂತೋಷ ಅಷ್ಟು ಕಡಮೆಯಾಗಲೆಂದು ಅದಕ್ಕೆ ಅರ್ಥ ಹೇಳುತ್ತಾರೆ. ಸಮುದ್ರದಲ್ಲಿ ಐಗುಪ್ತ್ಯರು ಮುಳುಗುತ್ತಿದ್ದಾಗ ಹಾಡಲು ಹೊರಟ ದೇವದೂತರನ್ನು ದೇವರು ತಡೆದನೆಂಬ ಕಥೆ ತಾಲ್ಮುದಿನಲ್ಲಿದೆ. ಇನ್ನೂ ಹಿಂದಕ್ಕೆ ಹೋದರೆ, ಓಡಿಬಂದ ಆಳಿಗೆ ಆಶ್ರಯಕೊಡಬೇಕೆಂದ ಧರ್ಮೋಪದೇಶಕಾಂಡದ ಅದೇ ಅಧ್ಯಾಯದಲ್ಲಿ ಇನ್ನೊಂದು ವಿಧಿಯುಂಟು: ಐಗುಪ್ತ್ಯನನ್ನು ಹೇಸಿಕೊಳ್ಳಬಾರದು, ಏಕೆಂದರೆ ಒಂದು ಕಾಲದಲ್ಲಿ ಅವನ ನಾಡಿನಲ್ಲಿ ನೀವು ಪರದೇಶಿಗಳಾಗಿ ಇದ್ದಿರಿ, ಅವನ ಮೂರನೆಯ ತಲೆಮಾರಿನ ಮಕ್ಕಳು ನಿಮ್ಮ ಸಭೆಯಲ್ಲಿ ಸೇರಬಹುದು.