ಒಂದೇ ನೀರು, ಮೂರು ದುಡಿಮೆ

ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿರುವ ವಿದ್ಯುದಾಗಾರದ ಸಾಮರ್ಥ್ಯ ಬರೀ 55 ಮೆಗಾವಾಟ್. 151 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯಕ್ಕೆ ಇದೇನು ಮಹಾ ಅನ್ನಿಸಬಹುದು. ಶರಾವತಿಯ ನಿಜವಾದ ದುಡಿಮೆ ಶುರುವಾಗುವುದೇ ಇಲ್ಲಿಂದ ಮುಂದೆ.

1964ರಲ್ಲಿ ಸಿದ್ಧವಾದ ಈ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟ 1,819 ಅಡಿ. ಮಲೆನಾಡಿನ ಮಳೆಗಾಲ ಸುರಿದುಕೊಟ್ಟದ್ದನ್ನು ವರ್ಷವಿಡೀ ಹಂಚಿಕೊಡುವುದು ಅದರ ಕೆಲಸ. ಬುಡದ ಟರ್ಬೈನುಗಳನ್ನು ತಿರುಗಿಸಿದ ನೀರು ಕಾಲುವೆ ಹಿಡಿದು ತಳಕಳಲೆ ಜಲಾಶಯ ಸೇರುತ್ತದೆ. ಅಲ್ಲಿಂದ ಭಾರಿ ಉಕ್ಕಿನ ಕೊಳವೆಗಳೊಳಗೆ ಘಟ್ಟ ಇಳಿದು, ನಾನೂರು ಮೀಟರಿಗೂ ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಧುಮುಕುತ್ತದೆ. ಅಲ್ಲಿರುವುದು ಹತ್ತು ಯಂತ್ರ, ಒಟ್ಟು 1,035 ಮೆಗಾವಾಟ್. ನೀರಿನಷ್ಟೇ ಎತ್ತರವೂ ಇಲ್ಲಿ ಬಂಡವಾಳ. ಗೇರುಸೊಪ್ಪೆಯಲ್ಲಿ ಅದೇ ನೀರನ್ನು ಮತ್ತೆ ತಡೆದು, ಇನ್ನೂ 240 ಮೆಗಾವಾಟ್ ಕರೆದುಕೊಂಡೇ ಹೊನ್ನಾವರದ ಕಡಲಿಗೆ ಬಿಡುವುದು.

ಕಲ್ಲಿದ್ದಲ ಸ್ಥಾವರವನ್ನು ತಣ್ಣಗಿನಿಂದ ಎಬ್ಬಿಸಲು ಗಂಟೆಗಟ್ಟಲೆ ಬೇಕು. ಇಲ್ಲಿ ಕವಾಟ ತೆರೆದ ಕೆಲವೇ ನಿಮಿಷಗಳಲ್ಲಿ ವಿದ್ಯುತ್ ತಂತಿಗೆ ಹರಿಯುತ್ತದೆ. ಸಂಜೆ ಮನೆಮನೆಯಲ್ಲೂ ದೀಪ ಹೊತ್ತಿ ಬೇಡಿಕೆ ಏರಿದಾಗ ಇಂಥ ನೀರಿಗೆ ಬೆಲೆ ಹೆಚ್ಚು.

ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಮಡೆನೂರಿನ ಬಳಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೈತೋರುತ್ತದೆ. ಕೆಸರು ಮೆತ್ತಿದ ಗೋಡೆಯ ಪಕ್ಕದಲ್ಲಿ ದುಂಡನೆಯ ಸೈಫನ್‌ಗಳು ಬಾಯ್ದೆರೆದು ನಿಂತಿರುತ್ತವೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ್ದನ್ನು ಲಿಂಗನಮಕ್ಕಿಯೇ ನುಂಗಿತು. ಅದರ ಜೊತೆಗೆ ಅಡಿಕೆ ತೋಟ, ಗದ್ದೆ, ದೇವಸ್ಥಾನಗಳಿದ್ದ ಊರೂರೇ ಹೋದವು. ಯೋಜನೆಯ ನೌಕರಿಯಲ್ಲಿದ್ದು ಇದನ್ನು ಹತ್ತಿರದಿಂದ ಕಂಡ ನಾ. ಡಿಸೋಜರು ಮುಳುಗಡೆಯ ಬದುಕನ್ನೇ ಕಥೆ, ಕಾದಂಬರಿಗಳಾಗಿಸಿದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು.

ಹಿನ್ನೀರಿನಾಚೆ ಉಳಿದ ತುಮರಿ ಭಾಗದವರಿಗೆ ಆಸ್ಪತ್ರೆಗೂ ಕಾಲೇಜಿಗೂ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಅರಣ್ಯಭೂಮಿಗೆ ಎತ್ತಂಗಡಿಯಾದ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಳಿಂದ ಹೋರಾಡುತ್ತಲೇ ಬಂದಿವೆ. ಹನಿ ನೀರನ್ನೂ ಪೋಲು ಮಾಡದಂತೆ ಲೆಕ್ಕ ಹಾಕಿದ ಯೋಜನೆ, ನೆಲ ಬಿಟ್ಟುಕೊಟ್ಟವರ ಲೆಕ್ಕವನ್ನು ಬಾಕಿ ಉಳಿಸಿಕೊಂಡಿತು.